ಮೂರನೇ ಮೆಟ್ಟಿಲಲ್ಲಿ ಎರಡು ಸಲ ಜಾರಿದ ಅತ್ತಿಗೆ

ಮೈದುನನ ತಪ್ಪು ಹುಡುಕದ ಅತ್ತಿಗೆ ಲೋಕದಲ್ಲಿ ಯಾರಿದ್ದಾರೆ ಹೇಳಿ! ಆದರೆ ಉಳಿದವರೆಲ್ಲ, ಪಾಪ, ಆ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ. ನನ್ನ ಅತ್ತಿಗೆಗೆ ಅದಕ್ಕೆ ಸಂಬಳ ಉಂಟು, ಪಿಎಫ್ ಉಂಟು, ದೀಪಾವಳಿಗೆ ಸ್ವೀಟ್ ಬಾಕ್ಸೂ ಉಂಟು! ಮೂಡುಬಿದಿರೆಯ ಬೇಕರಿಯೊಂದರ ಮಹಡಿಯಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಚೇರಿ. ಅಲ್ಲಿ ನಾನು ಪ್ರೋಗ್ರಾಮ್ ಬರೆಯುವವನು, ಅವರು ಅದನ್ನು ಪರೀಕ್ಷೆ ಮಾಡಿ ದೋಷ ಹುಡುಕುವ ಟೆಸ್ಟರ್. ಬೆಳಿಗ್ಗೆ ಗುರುವಾಯನಕೆರೆಯಲ್ಲಿ ಒಂದೇ ಬಸ್ಸು ಹತ್ತುತ್ತೇವೆ, ಸಂಜೆ ಒಂದೇ ಮನೆಗೆ ವಾಪಸಾಗುತ್ತೇವೆ. ನಾನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಮನೆಯಲ್ಲಿ ನಮ್ಮದೆಲ್ಲ ತುಳು. ಆದರೆ ದೋಷ ಕಂಡ ಕೂಡಲೇ ಅತ್ತಿಗೆ ಕನ್ನಡಕ್ಕೆ ಬರುತ್ತಾರೆ, ಅದೂ ಶಾಲೆಯ ಪುಸ್ತಕದ ಕನ್ನಡಕ್ಕೆ.

"ನಡೆದದ್ದು: ಅನ್ನ ತಳ ಹಿಡಿದಿದೆ. ನಡೆಯಬೇಕಾಗಿದ್ದದ್ದು: ಮೂರನೇ ವಿಸಿಲಿಗೆ ಗ್ಯಾಸ್ ಬಂದ್ ಮಾಡುವುದು. ಜವಾಬ್ದಾರಿ ವಹಿಸಿಕೊಂಡವರು: ಕ್ರಿಕೆಟ್ ನೋಡುತ್ತಿದ್ದರು."

ಅಣ್ಣ ಟಿವಿ ಆರಿಸಿ ಪಾತ್ರೆ ಉಜ್ಜಲು ಎದ್ದು ಹೋಗುತ್ತಾನೆ. ಹೆಂಡತಿ ಬೈದರೆ ತಿರುಗಿ ಬೈಯಬಹುದು, ವರದಿ ಒಪ್ಪಿಸಿದರೆ ಏನು ಮಾಡುವುದು!

ಅತ್ತಿಗೆಯ ಪ್ರಕಾರ ಒಂದು ಸಲ ಆದದ್ದು ದೋಷವಲ್ಲ, ಆಕಸ್ಮಿಕ. ಅದನ್ನೇ ಅದೇ ರೀತಿ ಇನ್ನೊಮ್ಮೆ ಮಾಡಿದಾಗ ಮತ್ತೆ ಆದರೆ ಮಾತ್ರ ದೋಷ. ನರಿಕೊಂಬಿನ ಚಿಕ್ಕಮ್ಮನ ಹೊಸ ಮನೆಯ ಒಕ್ಕಲಿಗೆ ಹೋಗಿದ್ದೆವು. ಅಂಗಳದ ನಳ್ಳಿಯಲ್ಲಿ ಕಾಲು ತೊಳೆದು ಹೊಸ ಗ್ರಾನೈಟ್ ಮೆಟ್ಟಿಲು ಹತ್ತುವಾಗ ಅತ್ತಿಗೆ ಧೊಪ್ಪನೆ ಬಿದ್ದರು. ನಾವೆಲ್ಲ ಓಡಿದೆವು.

"ಯಾರೂ ಮುಟ್ಬೇಡಿ!" ಎಂದು ಗದರಿಸಿದರು. ತಾವೇ ಎದ್ದು ಸೀರೆ ಕೊಡವಿಕೊಂಡು ನಳ್ಳಿಯ ಹತ್ತಿರ ಹೋದರು. ಮತ್ತೆ ಕಾಲು ಒದ್ದೆ ಮಾಡಿಕೊಂಡರು. ಬಂದು, ಅದೇ ಎಡಗಾಲನ್ನು ಅದೇ ಮೆಟ್ಟಿಲ ಮೇಲೆ ಇಟ್ಟರು. ಧೊಪ್! ಈ ಸಲ ಬಿದ್ದಲ್ಲೇ ಅವರ ಮುಖ ಅರಳಿತು.

"ಖಾತ್ರಿಯಾಯಿತು! ಮೂರನೇ ಮೆಟ್ಟಿಲು, ಎಡಗಾಲು ಮೊದಲು, ಒದ್ದೆ ಪಾದ. ಇನ್ನು ಬಲಗಾಲಿನದ್ದು ನೋಡ್ಲಿಕ್ಕೆ ಬಾಕಿ ಉಂಟು."

"ಬೇಡ ಮಾರಾಯ್ತಿ, ಮೆಟ್ಟಿಲನ್ನೇ ತೆಗೆಸ್ತೇನೆ! ನೀನೊಮ್ಮೆ ಊಟಕ್ಕೆ ಬಾ!" ಎಂದು ಚಿಕ್ಕಮ್ಮ ಕೈಮುಗಿದರು.

ಬೆಳ್ತಂಗಡಿಯ ಡಾಕ್ಟರೊಬ್ಬರು ಹೊಟ್ಟೆನೋವು ಯಾವಾಗ ಬರುತ್ತದೆ ಎಂದು ಕೇಳಿದ್ದೇ ತಡ, ಅತ್ತಿಗೆ ಶುರುಮಾಡಿದರು. "ಖಾಲಿ ಹೊಟ್ಟೆಗೆ ನಾಲ್ಕು ಗೋಳಿಬಜೆ, ಬಸ್ಸಿನಲ್ಲಿ ಹಿಂದಿನ ಸೀಟು, ವೇಣೂರು ದಾಟುವಾಗ ನೋವು. ಮೂರು ದಿನ ಮಾಡಿ ನೋಡಿದೆ, ಮೂರು ದಿನವೂ ಬಂತು. ಆಮೇಲೆ ಮುಂದಿನ ಸೀಟಿನಲ್ಲಿ ಕೂತು ನೋಡಿದೆ, ಬಂತು. ನಿಂತುಕೊಂಡು ನೋಡಿದೆ, ಆಗಲೂ ಬಂತು. ಹಾಗಾಗಿ ಸೀಟಿನದ್ದು ತಪ್ಪಿಲ್ಲ ಡಾಕ್ಟ್ರೇ."

"ಗೋಳಿಬಜೆ ಬಿಟ್ಟು ನೋಡಿದ್ರಾ?"

ಅತ್ತಿಗೆ ತಮ್ಮ ಪರೀಕ್ಷೆಗಳನ್ನೆಲ್ಲ ಬೆರಳಿನಲ್ಲಿ ಮತ್ತೊಮ್ಮೆ ಎಣಿಸಿದರು. "ಅದೊಂದು ನೋಡ್ಲಿಲ್ಲ," ಎಂದರು.

ಇಂಥವರ ಕೈಗೆ ನನ್ನ ಮೊದಲ ಸ್ವಂತ ಕೆಲಸ ಪರೀಕ್ಷೆಗೆ ಹೋಯಿತು. ಶಾಲೆಯ ವ್ಯಾನ್ ಎಲ್ಲಿಗೆ ಮುಟ್ಟಿತು ಎಂದು ತಾಯಂದಿರ ಮೊಬೈಲಿಗೆ ತೋರಿಸುವ ಆ್ಯಪ್ ಅದು. ಗೆದ್ದರೆ ಮುಂದಿನ ಕೆಲಸವೂ ನನಗೆ, ಕೆಟ್ಟರೆ ಮೊದಲಿನ ಹಾಗೆ ಗಿರಾಕಿಗಳ ಫೋನ್ ಎತ್ತುವುದು ಎಂದು ಮಾಲಕರು ಹೇಳಿಯಾಗಿತ್ತು. ನಾನು ಅದರಲ್ಲೊಂದು ಬುದ್ಧಿವಂತಿಕೆ ಮಾಡಿದ್ದೆ. ನಮ್ಮ ದಾರಿಗಳಲ್ಲಿ ಸಿಗ್ನಲ್ ಸಿಗದ ತಿರುವುಗಳು ಬೇಕಾದಷ್ಟು. ಅಲ್ಲೆಲ್ಲ 'ಗೊತ್ತಿಲ್ಲ' ಎಂದು ತೋರಿಸಿದರೆ ಆ್ಯಪಿನ ಮರ್ಯಾದೆ ಏನಾಗಬೇಕು! ಹಾಗಾಗಿ ಸಿಗ್ನಲ್ ಹೋದರೆ ಗಂಟೆ ನೋಡಿ, ಅಂದಾಜಿನ ಮೇಲೆ 'ವ್ಯಾನ್ ತಲುಪಿದೆ' ಎನ್ನುವ ಹಾಗೆ ಬರೆದಿದ್ದೆ.

ಪ್ರಯೋಗಕ್ಕೆಂದು ಒಂದು ವ್ಯಾನಿನ ಮಕ್ಕಳ ತಾಯಂದಿರಿಗೆ ಆ್ಯಪ್ ಕೊಟ್ಟೆವು. ಅತ್ತಿಗೆ ನೀರಿನ ಬಾಟಲಿ ನೇತುಹಾಕಿಕೊಂಡು ಮೂರು ದಿನ ಮಕ್ಕಳ ನಡುವೆ ಆ ವ್ಯಾನಿನಲ್ಲೇ ಕೂತರು. ಎರಡನೇ ದಿನವೇ ಮಕ್ಕಳು ಡ್ರೈವರಿಗೆ ದೂರು ಕೊಟ್ಟವು: "ಈ ಆಂಟಿ ಕಿಟಕಿ ಸೀಟು ಬಿಡುವುದೇ ಇಲ್ಲ!"

ಮೂರನೇ ದಿನ, ಸಿಗ್ನಲ್ ಇಲ್ಲದ ತಿರುವಿನಲ್ಲಿ ವ್ಯಾನ್ ಪಂಕ್ಚರ್ ಆಯಿತು. ಆ್ಯಪ್ ಮಾತ್ರ ಹೊತ್ತಿಗೆ ಸರಿಯಾಗಿ 'ತಲುಪಿದೆ' ಎಂದಿತು! ಗುರುವಾಯನಕೆರೆಯ ಸ್ಟಾಪಿನಲ್ಲಿದ್ದ ತಾಯಿಯೊಬ್ಬರಿಗೆ ವ್ಯಾನೂ ಕಾಣಲಿಲ್ಲ, ಮಗಳೂ ಕಾಣಲಿಲ್ಲ. ಅರ್ಧ ಗಂಟೆಯ ನಂತರ ವ್ಯಾನ್ ಬಂದಾಗ ಅವರು ಅಂಗಡಿ ಅಂಗಡಿಗೆ ಓಡಿ ಮಗಳನ್ನು ನೋಡಿದ್ದೀರಾ ಎಂದು ಕೇಳುತ್ತಿದ್ದರಂತೆ.

ಆ ಸಂಜೆ ಅತ್ತಿಗೆ ಮನೆಗೆ ಬಂದವರೇ ವರದಿ ಬರೆಯಲು ಕೂತರು. ನಾನು ಗೋಗರೆದೆ.

"ಅತ್ತಿಗೆ, ಇದೊಂದನ್ನು ಬರಿಬೇಡಿ. ಯಾರಿಗೂ ಗೊತ್ತಾಗದ ಹಾಗೆ ಸರಿ ಮಾಡ್ತೇನೆ."

"ಬರಿಯದೆ ಆಗ್ಲಿಕ್ಕಿಲ್ಲ. ಆ ಹೆಂಗಸಿನ ಕೈ ಹಿಡ್ಕೊಂಡಿದ್ದೆ ನಾನು. ಮಗಳು ಸಿಕ್ಕಿದ ಮೇಲೂ ಅವರು ಮಗಳ ಹೆಸರನ್ನೇ ಕರೀತಾ ಇದ್ರು."

ನನಗೆ ಸಿಟ್ಟು ಬಂತು. ಮನೆಯವರಾದ ಮೇಲೆ ಇಷ್ಟೂ ಮಾಡಬಾರದೇ!

ಮರುದಿನ ಮಾಲಕರು ಎಲ್ಲರೆದುರು ವರದಿ ಓದಿದರು. "ನಡೆದದ್ದು: ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಆ್ಯಪ್ ಹೇಳಿತು. ತೀವ್ರತೆ: ಅತಿ ಹೆಚ್ಚು. ಕಾರಣ: ಬರೆದವರು ಬೇಕೆಂದೇ ಹಾಗೆ ಬರೆದಿದ್ದಾರೆ."

ಕಚೇರಿಗೆ ಕಚೇರಿಯೇ ನನ್ನತ್ತ ತಿರುಗಿತು. "ಹಾಗಾದರೆ ಇದನ್ನು ಬೇರೆಯವರಿಗೆ ಕೊಡುವ," ಎಂದು ಮಾಲಕರು ಕನ್ನಡಕ ತೆಗೆದರು. ನಾನು ಮನಸ್ಸಿನಲ್ಲೇ ಫೋನಿನ ಮೇಜಿಗೆ ಹೋಗಿ ಕೂತಾಗಿತ್ತು.

"ಕೊನೆಯದ್ದು ಓದ್ಲಿಕ್ಕೆ ಬಾಕಿ ಉಂಟು ಸರ್," ಎಂದರು ಅತ್ತಿಗೆ.

ಮಾಲಕರು ಮತ್ತೆ ಕನ್ನಡಕ ಹಾಕಿಕೊಂಡರು. "ಸರಿಪಡಿಸಬೇಕಾದವರು: ಬರೆದವರೇ. ಮೂರು ವರ್ಷದಿಂದ ಇವರನ್ನು ಕಚೇರಿಯಲ್ಲೂ ಮನೆಯಲ್ಲೂ ನೋಡುತ್ತಿದ್ದೇನೆ. ಒಮ್ಮೆ ತೋರಿಸಿಕೊಟ್ಟ ತಪ್ಪನ್ನು ಇವರು ಎರಡನೇ ಸಲ ಮಾಡಿದ್ದು ಒಂದೇ ಒಂದು ಇಲ್ಲ."

ಮಾಲಕರು ಕಾಗದ ಮಡಚಿ ನನ್ನ ಮೇಜಿನ ಮೇಲೆ ಇಟ್ಟರು. ನನ್ನ ತಪ್ಪುಗಳನ್ನು ಮಾತ್ರ ನೋಡುವವರು ಎಂದುಕೊಂಡಿದ್ದೆ ಅತ್ತಿಗೆಯನ್ನು. ತಲೆ ಎತ್ತಿ ಅವರ ಮುಖ ನೋಡಲು ಆಗಲಿಲ್ಲ, ಕಣ್ಣು ತುಂಬಿತ್ತು. ಆ್ಯಪ್ ತೆರೆದು, ಮೊದಲು ಆ ಅಂದಾಜಿನ 'ತಲುಪಿದೆ' ಅಳಿಸಿ 'ಗೊತ್ತಿಲ್ಲ' ಎಂದು ಬರೆದೆ.