ಎಡಗಾಲಿನ ಗೆಜ್ಜೆ

ಐವತ್ತು ದಾಟಿದ ಮೇಲೆ ಒಂದು ಕಾರು ಕೊಂಡೆ. ಅದು ನನ್ನ ಮನೆಯ ಅಂಗಳಕ್ಕೇ ಬರುವಂತಿಲ್ಲ ಎಂದರೆ ಹೊಟ್ಟೆ ಉರಿಯುವುದಿಲ್ಲವೇ? ಅಂಗಳದ ಬಾಯಲ್ಲೇ ಮುತ್ತಜ್ಜನ ಕಾಲದ ಹುಣಸೆಮರ ಅಡ್ಡ ನಿಂತಿದೆ. ಬೀದಿಯಲ್ಲಿ ನಿಂತ ನನ್ನ ರಥಕ್ಕೆ ಹಡಗಲಿಯ ಸಮಸ್ತ ಕಾಗೆಗಳು ನಿತ್ಯ ಅಭಿಷೇಕ ಮಾಡುತ್ತವೆ.

"ಮರ ಕಡಿಸ್ತೀನಿ" ಎಂದೆ.

"ಕಾರು ಮಾರ್ರಿ" ಎಂದಳು ನನ್ನ ಹೆಂಡತಿ ಕೋಮಲಾ. "ಮರ ನಮಗಿಂತ ಮೊದಲ ಬಂದೈತಿ."

ಅರಣ್ಯ ಇಲಾಖೆಯ ಸಾಹೇಬರೂ ಅವಳ ತವರಿನವರಂತೆಯೇ ಮಾತಾಡಿದರು. "ಹಳೇ ಮರ ಇದು, ಗಂಗಾಧರಪ್ಪನವರೇ. ಪಾರಂಪರಿಕ ಮರಗಳ ಪಟ್ಟಿಗೆ ಸೇರಿಸೋ ವಿಚಾರ ಐತಿ. ಜನಕ್ಕ ಅಪಾಯ ಐತಿ ಅಂತ ಓಣಿಯವರ ಹೇಳಿದ್ರ ಮಾತ್ರ ಕಡಿಯಾಕ ಬರತೈತಿ. ಮಂಗಳವಾರ ಬಂದು ಕೇಳ್ತೀನಿ."

ಮರ ಕಲ್ಲುಗುಂಡಿನ ಹಾಗಿದೆ. ಅಪಾಯವನ್ನು ಎಲ್ಲಿಂದ ತರಲಿ? ನನ್ನ ಮಹಾಮೇಧಾವಿ ತಲೆಗೆ (ಕೋಮಲಾ ಅದಕ್ಕೆ ಬೇರೆ ಹೆಸರಿಟ್ಟಿದ್ದಾಳೆ) ಥಟ್ಟನೆ ಹೊಳೆಯಿತು: ದೆವ್ವ.

ಪಾಲಾಕ್ಷನ ಚಹಾದಂಗಡಿಯಲ್ಲಿ ದನಿ ತಗ್ಗಿಸಿ ಹೇಳಿದೆ. "ನಮ್ಮ ಮರದಾಗ ಮಾಳಮ್ಮ ಅಂತ ಒಬ್ಬಾಕಿ ಅದಾಳ. ದೀಪ ಹಚ್ಚೋ ಹೊತ್ತಿಗೆ ಗೆಜ್ಜಿ ಸಪ್ಪಳ ಕೇಳ್ತೈತಿ. ಎಡಗಾಲಿಂದು ಒಂದ." ಹೆಸರು ಸುಮ್ಮನೆ ಬಾಯಿಗೆ ಬಂದದ್ದು. ಎಡಗಾಲು ಮಾತ್ರ ನನ್ನ ಸ್ವಂತ ಪ್ರತಿಭೆ. ಪಾಲಾಕ್ಷ ಅದನ್ನು ಪ್ರತಿ ಗ್ಲಾಸು ಚಹಾದ ಜೊತೆ ಊರಿಗೆ ಹಂಚಿದ.

ಸಂಜೆಯಾದರೆ ನಮ್ಮ ಓಣಿ ಖಾಲಿ. ಹಾಲಿನವನೂ ಮೂಲೆಯಲ್ಲೇ ನಿಂತು ಕೂಗತೊಡಗಿದ. ನಾನು ಒಳಗೊಳಗೇ ಕುಣಿದೆ.

ತಪ್ಪಿದ್ದು ಒಂದೇ, ದೆವ್ವಕ್ಕೆ ಹೆಸರಿಟ್ಟದ್ದು. ನಮ್ಮ ಕಡೆ ಹೆಸರಿರುವ ಹೆಣ್ಣುಮಗಳನ್ನು ಬರಿಗೈಯಲ್ಲಿ ಕೂರಿಸುವ ಪದ್ಧತಿ ಇಲ್ಲ. ಮಂಗಳವಾರ ಓಣಿಯ ಹೆಂಗಸರೆಲ್ಲ ಅಕ್ಕಿ, ಕೊಬ್ಬರಿ, ಹಸಿರು ಕುಪ್ಪಸದ ಖಣ ತಂದು ಮರಕ್ಕೆ ಉಡಿ ತುಂಬಿದರು. ಟೊಂಗೆಗೆಲ್ಲ ಬಳೆ. ಎಲ್ಲರಿಗಿಂತ ಮುಂದೆ ಆರತಿ ತಟ್ಟೆ ಹಿಡಿದವಳು ಕೋಮಲಾ.

ಅಷ್ಟರಲ್ಲಿ ಸಾಹೇಬರು ಬಂದರು. "ಈ ಮರದಿಂದ ಯಾರಿಗಾದ್ರೂ ಅಪಾಯ ಐತೇನ್ರಮ್ಮಾ?"

ಗುಂಪಿನೊಳಗಿಂದ ಒಬ್ಬ ಮುದುಕಿ ಬಂದು ಮರದ ಬೊಡ್ಡೆಯ ಮೇಲೆ ಕೈಯಿಟ್ಟಳು. ಸುದ್ದಿ ಕೇಳಿ ಹೊಳಲಿನಿಂದ ಬಸ್ಸು ಹತ್ತಿ ಬಂದ ಹೊನ್ನೂರಮ್ಮ ಎಂಬಾಕೆಯಂತೆ. ನನ್ನ ಕಡೆ ತಿರುಗಿದಳು.

"ನಮ್ಮಕ್ಕನ ಹೆಸರು ನಿನಗ ಯಾರು ಹೇಳಿದ್ರಪ್ಪಾ?"

"ಯಾವ ಅಕ್ಕ?"

"ಮಾಳಮ್ಮ. ನಾ ಸಣ್ಣಾಕಿದ್ದಾಗ, ಪಂಚಮಿ ದಿನ ಈ ಮರಕ್ಕ ಕಟ್ಟಿದ್ದ ಜೋಕಾಲಿ ಆಡಾಕ ಹೋದಾಕಿ ತಿರುಗಿ ಮನಿಗೆ ಬರಲಿಲ್ಲ. ಗೆಜ್ಜಿ ಒಂದು ಹೊಸ್ತಿಲದಾಗ ಬಿಚ್ಚಿ ಬಿದ್ದಿತ್ತು." ಸೆರಗಿನ ಗಂಟು ಬಿಚ್ಚಿದಳು. ಕಪ್ಪಾದ ಬೆಳ್ಳಿ ಗೆಜ್ಜೆ. "ಬಲಗಾಲಿಂದು."

ಸುಳ್ಳು ಹೇಳಿದೆ ಎನ್ನೋಣವೆಂದರೆ ಎದುರಿಗೇ ಸಾಹೇಬರು. ಸುಳ್ಳಲ್ಲ ಎನ್ನೋಣವೆಂದರೆ ನನಗೇ ಭಯ. ಅವಳು ಗೆಜ್ಜೆಯನ್ನು ಕೆಳಗಿನ ಟೊಂಗೆಗೆ ಕಟ್ಟಿದಳು. ಸಾಹೇಬರು ಬೂಟು ಬಿಚ್ಚಿ ಕೈಮುಗಿದರು.

"ಪಟ್ಟಿಗೆ ಸೇರಿಸ್ತೀನಿ. ಇನ್ನು ಮ್ಯಾಲ ಒಂದು ಟೊಂಗಿ ಮುರಿದ್ರೂ ಜವಾಬ್ದಾರಿ ನಿಮ್ದ, ಗಂಗಾಧರಪ್ಪನವರೇ."

ಹೆಂಗಸರಿಗೆ ಮರ ಸುತ್ತಲು ಜಾಗ ಸಾಲದೆಂದು ಕಾರು ಇನ್ನೂ ಆಚೆ, ಚರಂಡಿಯ ಪಕ್ಕಕ್ಕೆ ಹೋಯಿತು.

ಅಂದು ದೀಪ ಹಚ್ಚುವ ಹೊತ್ತಿಗೆ ಕೋಮಲಾ ನನ್ನ ಕೈಗೆ ಹಣತೆ ಕೊಟ್ಟಳು. "ಆಕಿನ್ನ ಕರ್ಕೊಂಡು ಬಂದೋರು ನೀವು. ದೀಪಾನೂ ನೀವ ಇಡ್ರಿ." ನಾನು ಹೊರಗೆ ಕಾಲಿಟ್ಟದ್ದೇ ತಡ, ಚಿಲಕ ಹಾಕಿಕೊಂಡಳು.

ಗಾಳಿ ಇರಲಿಲ್ಲ. ಟೊಂಗೆಗೆ ಕಟ್ಟಿದ ಗೆಜ್ಜೆ ಅಲ್ಲಿರಲಿಲ್ಲ. ದೀಪವಿಟ್ಟು ತಿರುಗಿದೆ. ಬೆನ್ನ ಹಿಂದೆ ಝಲ್ ಎಂದಿತು. ಮತ್ತೆ ಝಲ್. ನಾನು ಕಟ್ಟಿದ ಸುಳ್ಳಿನಲ್ಲಿ ಒಂದೇ ಕಾಲಿನ ಸಪ್ಪಳವಿತ್ತು. ಈಗ ಎರಡೂ ಕಾಲು ನಡೆದು ಬರುತ್ತಿದ್ದವು.

ಓಡಿಹೋಗಿ ಬಾಗಿಲು ಬಡಿದೆ. "ಕೋಮಲಾ, ಬಾಗಲಾ ತಗಿ."

"ಯಾರು?"

"ನಾನ."

"ನಾನಂದ್ರ ಯಾರು? ಹೆಸರು ಹೇಳ್ರಿ."

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಗಲ ಹಿಂದಿನಿಂದ ಒಂದು ಹೆಣ್ಣುದನಿ ಮೆಲ್ಲಗೆ "ಗಂಗಾಧರಪ್ಪ" ಎಂದಿತು.

ಒಳಗೆ ಕೋಮಲಾ ಮೇಲಿನ ಚಿಲಕವನ್ನೂ ಹಾಕಿಕೊಂಡಳು.