ಏನೂ ಮಾಡಬೇಡಿ ಎನ್ನಲು ಫೀಸು

ಕುಷ್ಟಗಿಯ ಒಂದು ಬೀಜದ ಕಂಪನಿಯಲ್ಲಿ ನಾನು ಹೆಡ್ ಅಕೌಂಟೆಂಟ್ ಆಗಿದ್ದೆ. ಕಂಪನಿಯ ಅಷ್ಟೂ ಲೆಕ್ಕ ನೋಡಿದವನಿಗೆ ಸ್ವಂತ ಪೆನ್ಶನ್ನಿನ ಲೆಕ್ಕ ಹೇಳಿಕೊಡಲು ಇನ್ನೊಬ್ಬರು ಬೇಕೇ? ನಿವೃತ್ತಿ ಹತ್ತಿರ ಬಂದಾಗ ಕಂಪನಿ ನನಗೆ ಎರಡು ದಾರಿ ತೋರಿಸಿತು. ಹಣ ಕಂಪನಿಯ ನಿಧಿಯಲ್ಲೇ ಉಳಿದರೆ ಸಾಯುವವರೆಗೂ ತಿಂಗಳ ಪೆನ್ಶನ್. ಬೇಡವೆಂದರೆ ಅಷ್ಟನ್ನೂ ಬೇರೆ ಯೋಜನೆಗೆ ವರ್ಗಾಯಿಸಬಹುದು. ಆದರೆ ಒಮ್ಮೆ ಹೋದದ್ದು ಮರಳಿ ಬರುವಂತಿಲ್ಲ.

ಈ ಸುದ್ದಿ ನನ್ನ ಹೆಂಡತಿ ನಾಗಮ್ಮನ ತಮ್ಮ, ತಾವರಗೇರಾದ ವಿರೂಪಣ್ಣನಿಗೆ ಹೇಗೋ ಮುಟ್ಟಿತು. ಅವನು ಇಂಥ ಯೋಜನೆಗಳ ಏಜೆಂಟ್.

"ಸಲಹಾಕ್ಕ ನಿಮ್ಮ ಕಡೆ ರೊಕ್ಕ ತಗೋತೀನೇನ್ರಿ ಮಾವ?" ಎಂದ, ಮನೆಗೆ ಬಂದವನೇ.

ಪುಕ್ಕಟೆ ಎಂಬ ಶಬ್ದ ನನ್ನ ಕಿವಿಗೆ ಮಂತ್ರದಂತೆ. ಅವನು ಹೋಳಿಗೆ ಉಂಡು, ತುಪ್ಪ ಕೇಳಿ ಹಾಕಿಸಿಕೊಂಡು, ಶೇರು ಪೇಟೆಯಲ್ಲಿ ಹಣ ಹೇಗೆ ಬೆಳೆಯುತ್ತದೆಂದು ವಿವರಿಸಿದ. ನಾನು ಲೆಕ್ಕ ಹಾಕಿದೆ. ತೊಂಬತ್ತು ವರ್ಷ ಬದುಕಿ ರಾಜನಂತೆ ಸಾಯುತ್ತೇನೆಂದು ಸಿದ್ಧವಾಯಿತು! ವರ್ಗಾವಣೆಯ ಅರ್ಜಿಗೆ ಸಹಿಯನ್ನೂ ಜಡಿದೆ. ಅಮಾವಾಸ್ಯೆ ಮುಗಿದ ಮೇಲೆ ಕೊಡಿ ಎಂದು ವಿರೂಪಣ್ಣನೇ ಹೇಳಿದ್ದರಿಂದ ಅರ್ಜಿ ಚೀಲದಲ್ಲೇ ಉಳಿಯಿತು.

ನಾಗಮ್ಮನಿಗೆ ತಮ್ಮನ ಮೇಲೆ ಪ್ರೀತಿಯಿತ್ತು, ನಂಬಿಕೆ ಇರಲಿಲ್ಲ. ಫೀಸು ತೆಗೆದುಕೊಂಡು ಸಲಹೆ ಕೊಡುವ ಹೆಣ್ಣುಮಗಳೊಬ್ಬಳು ಗಂಗಾವತಿಯಲ್ಲಿದ್ದಾಳೆ, ಏನನ್ನೂ ಮಾರುವುದಿಲ್ಲವಂತೆ, ಒಮ್ಮೆ ಕೇಳೋಣ ಎಂದು ಹಟ ಹಿಡಿದಳು. ಫೀಸು ಕೇಳಿ ಅದನ್ನೂ ಲೆಕ್ಕ ಹಾಕಿದೆ. ಅಷ್ಟು ದುಡ್ಡಿಗೆ ಅದೇ ಗಂಗಾವತಿಯಲ್ಲಿ ಆರು ತಿಂಗಳ ಸೋನಾಮಸೂರಿ ಅಕ್ಕಿ ಬರುತ್ತಿತ್ತು. ಆದರೂ ನನ್ನ ಜಾಣತನಕ್ಕೊಂದು ಸರ್ಟಿಫಿಕೇಟ್ ಸಿಗಲಿ ಎಂದು ಅವಳ ಜೊತೆ ಬಸ್ ಹತ್ತಿದೆ.

ಆ ಸಲಹೆಗಾರ್ತಿ ನನ್ನ ಲೆಕ್ಕದ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಹೊಗಳಿಕೆ ಸ್ವೀಕರಿಸಲು ನಾನು ಕಾಲರ್ ಸರಿಮಾಡಿಕೊಂಡೆ.

"ಲೆಕ್ಕ ಛಲೋ ಐತ್ರಿ. ಇದರಾಗ ನಿಮ್ಮ ಮನಿಯವರು ಎಲ್ಲದಾರ?"

ಎಲ್ಲೂ ಇರಲಿಲ್ಲ. ನನ್ನ ಔಷಧಿ ಇತ್ತು, ನನ್ನ ಕಾಶಿಯಾತ್ರೆ ಇತ್ತು, ನನ್ನ ತಿಥಿಯ ಊಟದ ಖರ್ಚೂ ಇತ್ತು. ನನಗಿಂತ ಹತ್ತು ವರ್ಷ ಚಿಕ್ಕವಳಾದ ಹೆಂಡತಿ ಮಾತ್ರ ಇರಲಿಲ್ಲ.

ನಾಗಮ್ಮ ಸಾವಕಾಶವಾಗಿ ಹೇಳಿದಳು: "ಇವರು ಹೋದ ಮ್ಯಾಲೂ ನಾನು ಊಟ ಮಾಡ್ತೀನ್ರಿ ಅಕ್ಕಾರ."

ಸಲಹೆಗಾರ್ತಿ ಬಿಡಿಸಿ ಹೇಳಿದಳು. ಕಂಪನಿಯ ಪೆನ್ಶನ್ ನನ್ನ ನಂತರ ಅರ್ಧದಷ್ಟು ನಾಗಮ್ಮನಿಗೆ, ಅವಳಿರುವವರೆಗೂ ಬರುತ್ತದೆ. ವಿರೂಪಣ್ಣನ ಯೋಜನೆಯಲ್ಲಿ ಪೇಟೆ ಬಿದ್ದರೆ ಹಣವೂ ಬೀಳುತ್ತದೆ. ಅವನ ಕಮಿಷನ್ ಮಾತ್ರ ವರ್ಷವರ್ಷವೂ ನಮ್ಮ ಗಂಟಿನಿಂದಲೇ ಹೋಗುತ್ತದೆ. ಆ ಪುಕ್ಕಟೆ ಸಲಹೆಯ ಮುಂದೆ ಈಕೆಯ ಫೀಸು ಚಿಲ್ಲರೆ.

"ಏನೂ ಮಾಡಬ್ಯಾಡ್ರಿ," ಎಂದಳು ಕೊನೆಗೆ. "ಇದ್ದಲ್ಲೇ ಇರ್ಲಿ."

ಏನೂ ಮಾಡಬೇಡಿ ಎನ್ನಲು ಇಷ್ಟು ಫೀಸೇ ಎಂದು ಕೇಳಲು ಬಾಯಿ ತೆರೆದೆ. ನಾಗಮ್ಮ ನೋಡಿದ ನೋಟಕ್ಕೆ ಬಾಯಿ ಮುಚ್ಚಿತು, ಕಿಸೆ ತೆರೆಯಿತು.

ಅಮಾವಾಸ್ಯೆ ಒಂದು ವಾರ ಮೊದಲೇ ಬಂದಿದ್ದರೆ ಅರ್ಜಿ ಆಗಲೇ ಕಂಪನಿ ಸೇರಿರುತ್ತಿತ್ತು ಎಂದು ಹೊರಗೆ ಬಂದ ಮೇಲೆ ಹೊಳೆಯಿತು. ಬಸ್ ನಿಲ್ದಾಣದಲ್ಲೇ ಅರ್ಜಿ ಹರಿದು ಹಾಕಿದೆ. ಇಬ್ಬರೂ ಬಿಸಿ ಮಿರ್ಚಿ ಭಜಿ ತಿಂದೆವು. ಅಷ್ಟು ಹಗುರಾಗಿ ನಾನು ಯಾವ ಬಸ್ಸಿನಲ್ಲೂ ಕೂತಿರಲಿಲ್ಲ. ವಿರೂಪಣ್ಣ ಒಂದಷ್ಟು ದಿನ ಮಾತು ಬಿಟ್ಟ, ತುಪ್ಪ ಉಳಿಯಿತು.

ಈಚೆಗೆ ನಮ್ಮ ಕಂಪನಿಯ ಸ್ಟೋರ್‌ಕೀಪರ್ ಹನುಮಂತಪ್ಪ ತನ್ನ ನಿವೃತ್ತಿಯ ವಿಷಯ ಕೇಳಲು ಮನೆಗೆ ಬಂದ. ನಾನು ಗಂಟಲು ಸರಿಪಡಿಸಿಕೊಂಡು, ಪೆನ್ಶನ್ನಿನ ಮೂಲತತ್ತ್ವದಿಂದ ಆರಂಭಿಸಿದೆ. ಅವನು ಸ್ವಲ್ಪ ಹೊತ್ತು ಮರ್ಯಾದೆಯಿಂದ ಕೇಳಿದ.

"ಸಲಹಾ ಇರ್ಲಿ ಸರ, ಗಂಗಾವತಿ ಅಕ್ಕಾರ ವಿಳಾಸ ಕೊಡ್ರಿ."

ಕೊಟ್ಟೆ. ನಾನು ಕೊಟ್ಟ ಸಲಹೆಗಳಲ್ಲಿ ಇದುವರೆಗೆ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ.