ಮಾವನ ಒಂಬತ್ತು ಹಾಡುಗಳ ರಿಪೇರಿ

ನನ್ನ ಸೋದರಮಾವನಿಗೆ ಬರುವುದು ಒಟ್ಟು ಒಂಬತ್ತೇ ಹಾಡುಗಳು. ಆ ಒಂಬತ್ತನ್ನೂ ಅವರು ಮೂವತ್ತೈದು ವರ್ಷಗಳಿಂದ ರಿಪೇರಿ ಮಾಡುತ್ತಲೇ ಇದ್ದಾರೆ. ಅವುಗಳಲ್ಲಿ ಒಂದಾದರೂ ಕೆಟ್ಟಿತ್ತೇ ಎಂದು ದಯವಿಟ್ಟು ಕೇಳಬೇಡಿ! ಕೆಡದ ವಸ್ತುವನ್ನು ಬಿಚ್ಚಿ ಹರವಿಕೊಂಡು ಕೂರುವವರನ್ನು ನೀವೂ ನೋಡಿರುತ್ತೀರಿ. ಅಂಥವರು ಮೋಟಾರು ಪಂಪನ್ನೋ ಗೋಡೆ ಗಡಿಯಾರವನ್ನೋ ಬಿಚ್ಚುತ್ತಾರೆ, ಸಂಜೆಯ ಹೊತ್ತಿಗೆ ಸುಸ್ತಾಗಿ ಕೈಬಿಡುತ್ತಾರೆ. ನಮ್ಮ ಮಾವನಿಗೆ ಸುಸ್ತೆಂಬುದೇ ಇಲ್ಲ. ಅವರ ಪಾಲಿನ ಸುಸ್ತನ್ನೂ ಸೇರಿಸಿಕೊಂಡು ನಾನೊಬ್ಬಳೇ ಅನುಭವಿಸುತ್ತಿದ್ದೇನೆ.

ಹದಿನಾರನೆಯ ವಯಸ್ಸಿನಲ್ಲಿ ಅವರು ನಮ್ಮ ದೊಡ್ಡಗಾಜನೂರನ್ನು ಬಿಟ್ಟು ಊಟಿಗೆ ಹೋಗಿ, ದೊಡ್ಡದೊಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದರು. ಅಲ್ಲಿ ಊಟದ ಹೊತ್ತಿನಲ್ಲಿ ಪಿಯಾನೊ ನುಡಿಸುತ್ತಿದ್ದ ಮುದುಕರೊಬ್ಬರು ಇವರ ಬೆರಳುಗಳನ್ನು ನೋಡಿ, ತಟ್ಟೆ ಉಜ್ಜುವುದಕ್ಕೆ ಇಷ್ಟು ಉದ್ದದ ಬೆರಳು ದಂಡವೆಂದು ತೀರ್ಮಾನಿಸಿ, ಜಾಝ್ ಎಂಬ ಅಮೆರಿಕದ ಸಂಗೀತವನ್ನು ಹೇಳಿಕೊಟ್ಟರಂತೆ. ಮುದುಕರು ತೀರಿಕೊಂಡ ಮೇಲೆ ಆ ಸ್ಟೂಲಿನ ಮೇಲೆ ಮಾವ ಕುಳಿತರು. ಎರಡು ವರ್ಷಗಳ ಹಿಂದೆ ಹೋಟೆಲು ಕೈ ಬದಲಾಯಿತು. ಹೊಸ ಮಾಲೀಕರು ಗೋಡೆಗೆಲ್ಲ ಸ್ಪೀಕರು ಹಾಕಿಸಿ, ಮಾವನನ್ನೂ ಪಿಯಾನೊವನ್ನೂ ಒಟ್ಟಿಗೆ ಬೀಳ್ಕೊಟ್ಟರು. ಮದುವೆಯಾಗದ ಮಾವ, ಮಾರಾಟವಾಗದ ಪಿಯಾನೊ! ಇಬ್ಬರೂ ಬಂದು ಇಳಿದದ್ದು ನಮ್ಮ ನಡುಮನೆಗೆ.

ಇಳಿದ ಬಗೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆಯ ಕೋಸು ಹೊತ್ತು ಮೆಟ್ಟುಪಾಳಯದ ಮಂಡಿಗೆ ಹೋಗುವ ಲಾರಿ ಖಾಲಿಯಾಗಿ ಹಿಂದಿರುಗುತ್ತದೆ. ಊಟಿಯಿಂದ ಮೆಟ್ಟುಪಾಳಯಕ್ಕೆ ಇಳಿದ ಪಿಯಾನೊ ಅದರಲ್ಲಿ ಬಂತು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಪ್ರತಿಯೊಂದಕ್ಕೂ ಅದು ತಾನಾಗಿಯೇ ಒಮ್ಮೆ ನರಳಿತಂತೆ. ಆನೆಮರಿಯೇನಾದರೂ ಹಿಂದೆ ಹತ್ತಿಕೊಂಡಿತೇ ಎಂದು ಡ್ರೈವರು ಎರಡು ಸಲ ಇಳಿದು ನೋಡಿದನಂತೆ. ಇಳಿಸಲು ಬಂದ ನಾಲ್ವರು ತಮಿಳಿನವರು. "ಇದು ಬೀರೋವಾ ಅಣ್ಣಾ?" ಎಂದು ಕೇಳುತ್ತ ಅವರಲ್ಲೊಬ್ಬ ಮುಚ್ಚಳ ಎತ್ತಿದವನು, "ಐಯೋ, ಪಲ್ಲು ಇರುಕ್ಕು!" ಎಂದು ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಹಲ್ಲುಗಳಿದ್ದದ್ದು ನಿಜವೇ, ಎಂಬತ್ತೆಂಟು ಹಲ್ಲುಗಳು. ಅವು ನನ್ನೊಬ್ಬಳನ್ನೇ ಕಚ್ಚಲಿವೆ ಎಂಬುದು ಮಾತ್ರ ಅಂದು ಯಾರಿಗೂ ತಿಳಿದಿರಲಿಲ್ಲ.

ಮಾವನ ರಿಪೇರಿ ಎಂದರೇನೆಂದು ವಿವರಿಸುವುದು ನನ್ನ ಕರ್ತವ್ಯ. ಜಾಝ್‌ನವರಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವ ಕೆಲವು ಹಳೆಯ ಹಾಡುಗಳಿವೆ. ಅವನ್ನು ಅವರು 'ಸ್ಟ್ಯಾಂಡರ್ಡ್' ಎನ್ನುತ್ತಾರೆ. ಬಲಗೈ ಹಾಡಿನ ಮಟ್ಟನ್ನು ನುಡಿಸುತ್ತದೆ. ಎಡಗೈ ಕೆಳಗಡೆ ನಾಲ್ಕಾರು ಸ್ವರಗಳನ್ನು ಒಟ್ಟಿಗೆ ಒತ್ತಿ, ಆ ಮಟ್ಟು ನಿಲ್ಲಲು ಒಂದು ನೆಲ ಹಾಸಿಕೊಡುತ್ತದೆ. ಈ ಸ್ವರಗಳ ಗೊಂಚಲಿಗೆ ಕಾರ್ಡ್ ಎಂದು ಹೆಸರು. ರೇಷನ್ ಕಾರ್ಡಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮಾವ ಹಾಡಿನ ಮಟ್ಟನ್ನು ಮುಟ್ಟುವುದಿಲ್ಲ. ಕೆಳಗಿನ ನೆಲವನ್ನು ಕಿತ್ತು ಬೇರೆಯದನ್ನು ಹಾಸುತ್ತಾರೆ. ಅದೂ ದಿನಕ್ಕೊಂದು! ನಿನ್ನೆ ನಗುತ್ತಿದ್ದ ಹಾಡು ಇಂದು ಸೂತಕದ ಮನೆಯಿಂದ ಎದ್ದು ಬಂದಂತಿರುತ್ತದೆ. ಮಟ್ಟಿನ ಒಂದು ಸ್ವರವನ್ನೂ ಬದಲಾಯಿಸಿಲ್ಲವೆಂದು ಮಾವ ಆಣೆ ಮಾಡುತ್ತಾರೆ.

"ಮುದ್ದೆ ಅದೇ ಕಣಕ್ಕ, ಸಾರು ಮಾತ್ರ ಬ್ಯಾರೆ," ಎಂದು ಅವರು ನನ್ನ ಅವ್ವನಿಗೆ ತಿಳಿಹೇಳಿದರು. ಅವ್ವ ಮಾವನಿಗಿಂತ ಹತ್ತು ವರ್ಷ ದೊಡ್ಡವಳು. ಅವ್ವ, ಅಪ್ಪ ಇಬ್ಬರೂ ನಮ್ಮೊಂದಿಗೇ ಇದ್ದಾರೆ.

"ಸಾರು ಬ್ಯಾರೆ ಮಾಡು, ಬ್ಯಾಡ ಅಂದೋರ್ಯಾರು? ನೀನು ಮುದ್ದೆಗೆ ಪಾಯಸ ಉಯ್ತಾ ಕುಂತಿದ್ದೀಯಲ್ಲ!"

"ಒಂದ್ಸಲ ತಿಂದು ನೋಡಕ್ಕ."

"ವಾಂತಿ ಬತ್ತದೆ ಕಣ್ಲಾ."

ಅಪ್ಪನಿಗೆ ಕಿವಿ ಮಂದ. ಈ ಮನೆಯಲ್ಲಿ ಅಂಥ ಪುಣ್ಯ ಮತ್ತೊಬ್ಬರಿಗಿಲ್ಲ. ನನ್ನ ಯಜಮಾನರು ಪಿಯಾನೊದ ಮುಚ್ಚಳ ಎತ್ತಿದ ಸದ್ದಿಗೇ ಬೀಟ್‌ರೂಟ್ ಹೊಲದ ಕಡೆ ಹೊರಟುಬಿಡುತ್ತಾರೆ. ಎರಡು ವರ್ಷಗಳಿಂದ ನಮ್ಮ ಹೊಲದಲ್ಲಿ ಒಂದು ಎಳೆ ಕಳೆ ಉಳಿದಿಲ್ಲ. ಉಳಿದವಳು ನಾನು. ಇಪ್ಪತ್ತಾರು ವರ್ಷ ಕನ್ನಡ ಪಾಠ ಹೇಳಿ, ಕೆಂಪು ಶಾಯಿಯಲ್ಲಿ ಕೈ ಅದ್ದಿ ಅದ್ದಿ ದಣಿದು, ಇನ್ನು ಮುಂದೆ ಯಾರ ತಪ್ಪನ್ನೂ ತಿದ್ದದೆ ಮನೆಯಲ್ಲಿ ನೆಮ್ಮದಿಯಾಗಿರೋಣವೆಂದು ಸ್ವಯಂನಿವೃತ್ತಿ ಪಡೆದ ತಿಂಗಳಲ್ಲೇ ಆ ಲಾರಿ ಬಂದಿತ್ತು!

ಮಾವನ ಅಪರಾಧಗಳಲ್ಲೆಲ್ಲ ದೊಡ್ಡದೆಂದರೆ, ಅವರು ಹಾಡನ್ನು ಮುಗಿಸುವುದಿಲ್ಲ. ಹಾಡು ಮನೆಯ ಬಾಗಿಲಿಗೆ ಬಂದಿರುತ್ತದೆ, ಹೊಸ್ತಿಲ ಮೇಲೆ ಒಂದು ಕಾಲಿಟ್ಟಿರುತ್ತದೆ. ಅಷ್ಟರಲ್ಲಿ ಮಾವ ಎಂಥದೋ ಅನುಮಾನದ ಕಾರ್ಡೊಂದನ್ನು ಒತ್ತಿ, ಎದ್ದು, ಟೀ ಕುಡಿಯಲು ಹೋಗಿಬಿಡುತ್ತಾರೆ. ಕ್ರಿಯಾಪದವಿಲ್ಲದೆ ನಿಂತ ವಾಕ್ಯವನ್ನು ನೋಡಿಕೊಂಡು ಸುಮ್ಮನಿರುವ ಶಕ್ತಿ ನನಗಿಲ್ಲ. ನಾನು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು, ನಡುಮನೆಗೆ ಹೋಗಿ, ಒಂದೇ ಬೆರಳಿನಿಂದ ಕೊನೆಯ ಸ್ವರವನ್ನು ಒತ್ತಿ ಬರುತ್ತೇನೆ. ಅಡುಗೆಮನೆಯಿಂದ ಮಾವನ ದನಿ ಕೇಳುತ್ತದೆ: "ಟೀಚರಮ್ಮಾ, ಬಾಗ್ಲು ಆಕ್ಕೊಂಡ್ಬುಟ್ಯಲ್ಲ! ಗಾಳಿ ಆಡ್ಲಿ ಅಂತ ನಾನು ತಗ್ದಿಟ್ಟಿದ್ದೆ."

ಒಂಬತ್ತು ಹಾಡುಗಳು ಸಾಲದಾದಾಗ ಮಾವನ ಕಣ್ಣು ಮನೆಯ ಉಳಿದ ಸದ್ದುಗಳ ಮೇಲೆ ಬಿತ್ತು. ಹಾಲಿನ ವ್ಯಾನಿನ ಹಾರ್ನಿಗೆ ಅವರು ಕಾರ್ಡ್ ಕೊಟ್ಟರು. ಪಕ್ಕದ ಮನೆಯ ಹಸುವಿನ ಕೂಗಿಗೂ ಕೊಟ್ಟರು. ಅದಾದ ಮೇಲೆ ಆ ಹಸು ಕರುವನ್ನು ಕರೆಯುವ ಮೊದಲು ನಮ್ಮ ಮನೆಯ ಕಡೆಗೊಮ್ಮೆ ನೋಡುತ್ತದೆ. ಕೊನೆಗೆ ಕುಕ್ಕರಿನ ಸರದಿ ಬಂತು. ಮೂರು ಸೀಟಿಗೆ ನಾನು ಒಲೆ ಆರಿಸಹೊರಟರೆ, "ಇನ್ನೊಂದೇ ಒಂದು ಕೂಗ್ಲಿ ಕಣವ್ವ, ಇದ್ರ ಕೆಳಕ್ಕೆ ಇನ್ನೂ ಒಳ್ಳೇದು ಸಿಗ್ತದೆ," ಎಂಬ ಬೇಡಿಕೆ. ಏಳನೆಯ ಸೀಟಿಗೆ ಅವರಿಗೆ ಬೇಕಾದ ಕಾರ್ಡ್ ಸಿಕ್ಕಿತು. ಬೇಳೆ ನನಗೆ ಸಿಗಲಿಲ್ಲ! ಪಾತ್ರೆಯಲ್ಲಿದ್ದುದು ಹಳದಿ ನೀರು. ಬಡಿಸುವಾಗ ಅವ್ವ ಕೇಳಿದಳು: "ಇದೇನವ್ವ, ಸಾರಾ? ಇಲ್ಲ ನಿನ್ನ ಮಾವನ ಸಂಗೀತವಾ?"

ಇದನ್ನೆಲ್ಲ ನಾನು ಹೇಗೋ ಸಹಿಸಿಕೊಂಡು ಹೋಗಬಹುದಿತ್ತು. ಆದರೆ ನನ್ನ ಮಗಳ ಮದುವೆ ಗೊತ್ತಾಯಿತು.

ನನ್ನ ಅವ್ವ ಸೋಬಾನೆ ಪದಗಳನ್ನು ಹೇಳುವವಳು. ಅರಿಸಿನ ಎಣ್ಣೆಯ ಶಾಸ್ತ್ರಕ್ಕೆ ಸುತ್ತಲಿನ ಊರುಗಳವರೆಲ್ಲ ಅವಳನ್ನೇ ಕರೆಯುತ್ತಿದ್ದರು. ಅವಳು ಒಂದು ಸಾಲು ಎತ್ತಿಕೊಡಬೇಕು, ಉಳಿದ ಹೆಂಗಸರು ಅದನ್ನು ಹಿಂದಿನಿಂದ ಹೇಳಬೇಕು, ಅದು ವಾಡಿಕೆ. ಹೋದ ವರ್ಷ ಗೆಟ್ಟವಾಡಿಯ ಮದುವೆಯೊಂದರಲ್ಲಿ ಮೂರನೆಯ ನುಡಿಗೆ ಬರುವಷ್ಟರಲ್ಲಿ ಅವಳ ದನಿ ಜಾರಿತು. ಹಿಡಿದ ಶ್ರುತಿಗಿಂತ ಅವಳು ಕೆಳಗಿಳಿದಳು; ಹಿಂದೆ ಹೇಳುವವರು ಮೇಲೆಯೇ ಉಳಿದರು. ನಡುವೆ ಪದ ಹರಿದುಹೋಯಿತು. ಹುಡುಗಿಯರು ಬಾಯಿಗೆ ದುಪ್ಪಟ್ಟ ಅಡ್ಡ ಹಿಡಿದರು. ಯಾರೋ ಸನ್ನೆ ಮಾಡಿದರು, ಮೈಕ್‌ಸೆಟ್ಟಿನವನು ಸಿನಿಮಾ ಹಾಡು ಹಾಕಿದ. ಕೊಟ್ಟ ಎಲೆಯಡಿಕೆಯನ್ನು ಅವ್ವ ಮಡಿಲಿಗೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದಳು. ಅಂದಿನಿಂದ ಅವಳು ಬಾಯಿ ಬಿಟ್ಟು ಒಂದು ಪದ ಹೇಳಿರಲಿಲ್ಲ. ಅವರೆಕಾಯಿ ಸುಲಿಯುವಾಗ ಗುನುಗಿಕೊಳ್ಳುತ್ತಿದ್ದುದೂ ನಿಂತುಹೋಗಿತ್ತು.

"ಅಜ್ಜಿ ಪದ ಹೇಳ್ದಿದ್ರೆ ನಾನು ಹಸೆ ಮೇಲೆ ಕೂರಲ್ಲ," ಎಂದು ಮಗಳು ಹಟ ಹಿಡಿದಳು.

"ನನ್ನ ಗಂಟ್ಲು ಮುಗೀತು ಕಣ್ ಮಗಾ. ಗೆಟ್ಟವಾಡೀಲಿ ನಕ್ರು, ಎದ್ದು ಬಂದೆ. ನಮ್ಮನೇಲೇ ನಕ್ಬುಟ್ರೆ ಎದ್ದು ಎಲ್ಲಿಗೋಗ್ಲಿ?"

ಮೊಮ್ಮಗಳು ಮೂರು ದಿನ ಅತ್ತಳು. ನಾಲ್ಕನೆಯ ದಿನ ಅವ್ವ, "ಒಂದೇ ಒಂದು ಪದ. ಆಮ್ಯಾಕೆ ನನ್ನ ಸುದ್ದಿಗೆ ಬರಕೂಡ್ದು," ಎಂದು ಒಪ್ಪಿದಳು. ನಾನು ಉಸಿರು ಬಿಡುವಷ್ಟರಲ್ಲೇ ನಡುಮನೆಯಿಂದ ಮಾವ ಹೇಳಿದರು: "ನಾನು ಪಿಯಾನೊ ಕೊಡ್ತೀನಿ ಕಣಕ್ಕ."

"ಸೋಬಾನೆಗೆ ಆ ಪೆಟ್ಗೆ ಯಾಕ್ಲಾ?" ಎಂದು ಅವ್ವ ಗದರಿದಳು. ಆದರೆ, "ತಾತ ನುಡ್ಸಿದ್ರೆ ಚೆನ್ನಾಗಿರುತ್ತೆ," ಎಂದು ಮಗಳು ಅಲ್ಲಿಯೂ ಹಟ ಹಿಡಿದಳು. ಮದುಮಗಳ ಮಾತು ಮೀರುವಂತಿಲ್ಲ!

ನನ್ನ ಸ್ಥಿತಿಯನ್ನು ಊಹಿಸಿಕೊಳ್ಳಿ. ಮೊದಲೇ ದನಿ ಜಾರುವ ಅವ್ವ; ಅವಳ ಕಾಲ ಕೆಳಗಿನ ನೆಲವನ್ನು ಕಿತ್ತು ಆಡುವ ಮಾವ! ನಾನು ಅವರನ್ನು ಹಿತ್ತಲಿಗೆ ಕರೆದೊಯ್ದು, ಒಂಬತ್ತನೆಯ ತರಗತಿಯ ಪುಂಡರಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದೆ: "ಮಾವ, ನಿಮ್ಮ ಒಂಬತ್ತು ಹಾಡುಗಳನ್ನು ಏನು ಬೇಕಾದರೂ ಮಾಡಿಕೊಳ್ಳಿ. ಈ ಪದಕ್ಕೆ ಮಾತ್ರ ಮೂರೇ ಕಾರ್ಡ್. ಚಿಕ್ಕ ಮಕ್ಕಳು ನುಡಿಸುತ್ತಾರಲ್ಲ, ಆ ಮೂರು. ಬೆರಳು ಆಚೆ ಈಚೆ ಹೋದರೆ ಪಿಯಾನೊವನ್ನು ಕೋಸಿನ ಜೊತೆ ಮಂಡಿಗೆ ಕಳಿಸುತ್ತೇನೆ."

"ಮೂರೇ ಮೂರು ಕಣವ್ವ," ಎಂದು ಮಾವ ನನ್ನ ಕೈಯಲ್ಲಿ ಕೈಯಿಟ್ಟರು.

ಶಾಸ್ತ್ರದ ಬೆಳಿಗ್ಗೆ ನಡುಮನೆ ತುಂಬಿಹೋಗಿತ್ತು. ಪಿಯಾನೊದ ತಲೆಯ ಮೇಲೆ ಎಲೆಯಡಿಕೆಯ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ಮಗಳು ಹಸೆಯ ಮೇಲೆ ಕುಳಿತಿದ್ದಳು. ಗೆಟ್ಟವಾಡಿಯ ನೆಂಟರೂ ಬಂದಿದ್ದರು. ಅಂದು ನಕ್ಕಿದ್ದ ಹುಡುಗಿಯರೇ ಹಿಂದೆ ಹೇಳಲು ಗೋಡೆಗೊರಗಿ ಕುಳಿತಿದ್ದರು. ಅವರನ್ನು ನೋಡಿ ಅವ್ವ ಸೆರಗನ್ನು ಎರಡು ಸಲ ಸರಿಪಡಿಸಿಕೊಂಡಳು. ಆಮೇಲೆ ಕಣ್ಣು ಮುಚ್ಚಿ ಪದ ಎತ್ತಿದಳು.

ಮೊದಲ ನುಡಿ ಸರಿಯಾಗಿ ನಡೆಯಿತು. ಎರಡನೆಯದೂ ನಡೆಯಿತು. ಮಾವನ ಎಡಗೈ ಒಳ್ಳೆಯ ವಿದ್ಯಾರ್ಥಿಯಂತೆ ಆ ಮೂರು ಕಾರ್ಡ್‌ಗಳಲ್ಲೇ ತಿರುಗಿತು. ಮೂರನೆಯ ನುಡಿಯ ನಡುವೆ ಅವ್ವನ ದನಿ ಜಾರಿತು. ತುಸುವೇ ಜಾರಿತು, ಆದರೆ ನಾನು ಅದಕ್ಕಾಗಿಯೇ ಕಾದು ಕುಳಿತವಳು, ನನಗೆ ತಿಳಿಯದೇ? ಗೋಡೆಯ ಬಳಿ ಒಬ್ಬಳು ಪಕ್ಕದವಳ ತೊಡೆ ಚಿವುಟಿದಳು. ದುಪ್ಪಟ್ಟವೊಂದು ಮೇಲೆದ್ದಿತು.

ಆಗ ಮಾವ ಕೊಟ್ಟ ಮಾತನ್ನು ಮುರಿದರು. ನಾಲ್ಕನೆಯದೊಂದು ಕಾರ್ಡ್, ಅದರ ಬೆನ್ನಿಗೆ ಐದನೆಯದು. ಒಂದು ಕ್ಷಣ ಎಲ್ಲವೂ ತೇಲಿದಂತಾಯಿತು. ಮರುಕ್ಷಣ ಪಿಯಾನೊ ಅವ್ವನ ದನಿ ಇಳಿದು ನಿಂತಿದ್ದ ಕಡೆಗೇ ಬಂದು ನಿಂತಿತ್ತು. ಒಂದು ಗಳಿಗೆಯ ಹಿಂದೆ ತಪ್ಪಾಗಿದ್ದ ಅವಳ ಸ್ವರ ಈಗ ಸರಿಯಾಗಿತ್ತು. ಅವಳು ಅದನ್ನು ಅಲುಗಿಸಿರಲೂ ಇಲ್ಲ. ಹಿಂದೆ ಹೇಳುವ ಹುಡುಗಿಯರು ಪಿಯಾನೊದ ದೊಡ್ಡ ದನಿಗೆ ಕಟ್ಟುಬಿದ್ದು, ತಮಗೇ ಅರಿವಿಲ್ಲದಂತೆ ಅವಳ ಬಳಿಗೆ ಇಳಿದು ಬಂದರು. ದುಪ್ಪಟ್ಟ ಮಡಿಲಿಗೆ ಹಿಂತಿರುಗಿತು. ಐದನೆಯ ನುಡಿಯಲ್ಲಿ ಅವ್ವ ಮತ್ತೆ ಜಾರಿದಳು, ಮಾವ ಮತ್ತೆ ಜಾರಿದರು. ಏಳನೆಯದರಲ್ಲೂ ಹಾಗೆಯೇ. ಅವರು ಕೀಗಳ ಕಡೆ ನೋಡುತ್ತಿರಲಿಲ್ಲ. ಅಕ್ಕನ ಗಂಟಲನ್ನೇ ನೋಡುತ್ತಿದ್ದರು. ಪದ ಎಲ್ಲಿ ಹುಟ್ಟಿತ್ತೋ ಅಲ್ಲಿಂದ ಎಷ್ಟೋ ಕೆಳಗೆ ಬಂದು ಮುಗಿಯಿತು. ಜೊತೆಯಲ್ಲಿ ನಡುಮನೆಯಷ್ಟೂ ಇಳಿದು ಬಂದಿದ್ದರಿಂದ ಒಬ್ಬರಿಗೂ ತಿಳಿಯಲಿಲ್ಲ.

ಅವ್ವ ಕಣ್ಣು ತೆರೆದಳು. ಯಾರೂ ನಗುತ್ತಿರಲಿಲ್ಲ. ಗೆಟ್ಟವಾಡಿಯ ಹುಡುಗಿಯೊಬ್ಬಳು, "ಇನ್ನೊಂದು ಯೋಳಜ್ಜಿ," ಎಂದಳು. ಅವ್ವ ತಮ್ಮನ ಕಡೆ ತಿರುಗಿದಳು.

"ನೋಡಿದ್ರೇನವ್ವ ಇವನ ಬಾಳ! ನಡೂವೆ ಎಲ್ಲೆಲ್ಲೋ ಓಗ್ಬುಟ್ಟ! ನಾನು ಗಟ್ಟಿಯಾಗಿ ಇಡ್ಕಂಡು ನಿಂತಿದ್ಕೆ ಪದ ಉಳ್ಕತ್ತು."

ನಡುಮನೆಯೆಲ್ಲ ಮಾವನನ್ನು ನೋಡಿ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ಅವ್ವ. ಒಂದು ವರ್ಷದ ನಗು ಅದು.

ನಾನು ತಿದ್ದಲೆಂದು ಬಾಯಿ ತೆರೆದೆ. ಜೀವಮಾನದ ಅಭ್ಯಾಸ, ಏನು ಮಾಡಲಿ? ಅಷ್ಟರಲ್ಲಿ ಮಾವ, "ಊಂ ಕಣಕ್ಕ, ತಪ್ಪಾಯ್ತು," ಎಂದು ತಲೆ ತಗ್ಗಿಸಿದರು. ನಾನು ಬಾಯಿ ಮುಚ್ಚಿದೆ.

ಅವ್ವ ಮೊಮ್ಮಗಳ ಮುಂದಿನ ಬಟ್ಟಲಿನಿಂದ ಅರಿಸಿನ ತೆಗೆದು, ತಮ್ಮನ ಎರಡೂ ಕೈಗಳನ್ನು ಎಳೆದುಕೊಂಡು, ಒಂದೊಂದು ಬೆರಳಿಗೂ ಸವರಿದಳು.

"ಬೆರಳು ಹದಕ್ಕೆ ಬರ್ಲಿ. ಇನ್ನೊಂದು ಯೋಳ್ತೀನಿ. ಈ ಸಲನಾದ್ರೂ ಸರ್ಯಾಗಿ ನನ್ ಇಂದೆ ಬಾ."

ಮಾವ ಅರಿಸಿನದ ಕೈಗಳನ್ನು ಹಾಗೆಯೇ ಬಿಳಿಯ ಕೀಗಳ ಮೇಲಿಟ್ಟರು.

"ಬತ್ತೀನಿ ಕಣಕ್ಕ. ನೀ ಎಲ್ಲಿಗೋದ್ರೂ ಬತ್ತೀನಿ."